ಕಡಿಮೆ ಬೆಲೆಯ ಇಯರ್‌ಬಡ್ ಆರಿಸುವ ಕ್ರಮ: ಕೊಡಗಿನ ಕೇಳುಗರಿಗೆ ಒಂದು ಮಾರ್ಗದರ್ಶಿ

ಎರಡು ಸಾವಿರ ರೂಪಾಯಿಯೊಳಗಿನ ಇಯರ್‌ಬಡ್ ಕೊಳ್ಳುವವರು ಸಾಮಾನ್ಯವಾಗಿ ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಓದಿ, ಬೇರೆಯವರು ಕೊಟ್ಟ ನಕ್ಷತ್ರಗಳನ್ನು ನೋಡಿ ನಿರ್ಧಾರಕ್ಕೆ ಬರುತ್ತಾರೆ. ಆದರೆ ಈ ಬೆಲೆಯ ಸಾಧನಗಳಲ್ಲಿ ಧ್ವನಿಯ ಗುಣವನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಅದು ನಿಮ್ಮ ಕಿವಿಯಲ್ಲಿ ಹೇಗೆ ಕೂರುತ್ತದೆ ಎಂಬ ಸಂಗತಿಯೇ. ಅದನ್ನು ಬೇರೊಬ್ಬರ ಕಿವಿ ಹೇಳಲಾರದು. ಕೊಡಗಿನಲ್ಲಿರುವವರಿಗೆ ಇದರ ಜೊತೆಗೆ ಇನ್ನೆರಡು ವಿಚಾರಗಳು ಸೇರಿಕೊಳ್ಳುತ್ತವೆ. ತಿಂಗಳುಗಟ್ಟಲೆ ಆರದ ಮಳೆಗಾಲದ ತೇವ ಒಂದು. ಕೆಟ್ಟರೆ ರಿಪೇರಿಗೆ ಎಷ್ಟು ದೂರ ಹೋಗಬೇಕು ಎಂಬುದು ಇನ್ನೊಂದು. ಆದ್ದರಿಂದ ಕೊಳ್ಳುವ ಮೊದಲು ಏನು ನೋಡಬೇಕು, ಕೊಂಡ ಮೇಲೆ ಹಿಂದಿರುಗಿಸಲು ಅವಕಾಶವಿರುವ ಕೆಲವೇ ದಿನಗಳಲ್ಲಿ ಯಾವ ಕ್ರಮದಲ್ಲಿ ಪರೀಕ್ಷಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ವೈರ್ ಇರಬೇಕೇ, ಬೇಡವೇ

ಮೊದಲು ತೀರ್ಮಾನಿಸಬೇಕಾದದ್ದು ಇದನ್ನು. ವೈರ್‌ಲೆಸ್ ಇಯರ್‌ಬಡ್‌ನ ಬೆಲೆಯಲ್ಲಿ ಎರಡು ಪುಟ್ಟ ಬ್ಯಾಟರಿಗಳು, ಅವನ್ನು ಇಟ್ಟು ಚಾರ್ಜ್ ಮಾಡುವ ಕೇಸಿನ ಬ್ಯಾಟರಿ, ಬ್ಲೂಟೂತ್ ಚಿಪ್, ಮೈಕ್‌ಗಳು ಎಲ್ಲವೂ ಸೇರಿರುತ್ತವೆ. ವೈರ್ ಇರುವ ಇಯರ್‌ಫೋನ್‌ನಲ್ಲಿ ಆ ಖರ್ಚು ಇಲ್ಲದ ಕಾರಣ, ಕೊಟ್ಟ ಹಣದ ಹೆಚ್ಚಿನ ಪಾಲು ಧ್ವನಿಗೇ ಸಲ್ಲುತ್ತದೆ. ಐದಾರು ನೂರು ರೂಪಾಯಿಯ ಒಳ್ಳೆಯ ವೈರ್ ಇಯರ್‌ಫೋನ್ ಅದರ ಎರಡು ಪಟ್ಟು ಬೆಲೆಯ ವೈರ್‌ಲೆಸ್ ಜೋಡಿಗಿಂತ ಸ್ಪಷ್ಟವಾಗಿ ಕೇಳಿಸುವುದು ಅಪರೂಪವೇನಲ್ಲ. ಮನೆಯಲ್ಲಿ ಕುಳಿತು ಪಾಠ ಕೇಳುವ ವಿದ್ಯಾರ್ಥಿಗೆ ಅಥವಾ ರಾತ್ರಿ ಸಂಗೀತ ಕೇಳುವವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ.

ಕೊಡಗಿನವರಿಗೆ ವೈರ್‌ನ ಇನ್ನೊಂದು ಉಪಯೋಗವಿದೆ. ಎಫ್‌ಎಂ ರೇಡಿಯೋ ಸೌಲಭ್ಯವುಳ್ಳ ಮೊಬೈಲ್‌ಗಳಲ್ಲಿ ಇಯರ್‌ಫೋನ್‌ನ ವೈರೇ ಆಂಟೆನಾ ಆಗಿ ಕೆಲಸ ಮಾಡುತ್ತದೆ. ಬ್ಲೂಟೂತ್ ಇಯರ್‌ಬಡ್ ಆ ಕೆಲಸವನ್ನು ಮಾಡಲಾರದು. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಗಿ, ಅದರ ಹಿಂದೆಯೇ ಮೊಬೈಲ್ ಟವರ್ ಕೂಡ ಕೈಕೊಡುವ ದಿನಗಳಲ್ಲಿ, ಆಕಾಶವಾಣಿಯ ಮಡಿಕೇರಿ ಕೇಂದ್ರವನ್ನು ಕೇಳಲು ಇಂಟರ್ನೆಟ್ ಬೇಕಾಗುವುದಿಲ್ಲ. ಫೋನು, ಅದಕ್ಕೆ ಸಿಕ್ಕಿಸಿದ ವೈರ್ ಇಷ್ಟಿದ್ದರೆ ಸಾಕು. ವೈರ್‌ಲೆಸ್ ಕೊಂಡರೂ ಇಂಥದೊಂದು ವೈರ್ ಇಯರ್‌ಫೋನನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ನಿಮ್ಮ ಫೋನಿನಲ್ಲಿ ದುಂಡನೆಯ 3.5 ಮಿಲಿಮೀಟರ್ ಜ್ಯಾಕ್ ಇದೆಯೇ, ರೇಡಿಯೋ ಆ್ಯಪ್ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಓಡಾಟ, ಬಸ್ ಪ್ರಯಾಣ, ಕೈ ಬಿಡುವಿಲ್ಲದ ಕೆಲಸದ ನಡುವೆ ಬರುವ ಕರೆಗಳು ಮುಖ್ಯವಾಗಿದ್ದರೆ ವೈರ್‌ಲೆಸ್ ಅನುಕೂಲ ನಿಜ. ಮುಂದಿನ ಮಾತುಗಳಲ್ಲಿ ಹೆಚ್ಚಿನವು ಅದಕ್ಕೆ ಸಂಬಂಧಿಸಿದವು.

ಪೆಟ್ಟಿಗೆಯ ಮೇಲಿನ ಬರಹವನ್ನು ಓದುವ ಬಗೆ

ಡ್ರೈವರ್ ಎಂದರೆ ಧ್ವನಿ ಹೊರಡಿಸುವ ಪುಟ್ಟ ಸ್ಪೀಕರ್. ಅದು 10 ಮಿಲಿಮೀಟರ್ ಇದೆಯೋ 13 ಇದೆಯೋ ಎಂಬುದರಿಂದ ಧ್ವನಿಯ ಗುಣ ತಿಳಿಯುವುದಿಲ್ಲ. ಚೆನ್ನಾಗಿ ಹೊಂದಿಸಿದ 6 ಮಿಲಿಮೀಟರ್ ಡ್ರೈವರ್ ದೊಡ್ಡದಕ್ಕಿಂತ ಶುದ್ಧವಾಗಿ ನುಡಿಯಬಲ್ಲದು. ‘20 ಹರ್ಟ್ಸ್‌ನಿಂದ 20,000 ಹರ್ಟ್ಸ್’ ಎಂಬುದು ಮನುಷ್ಯನ ಕಿವಿ ಕೇಳಬಲ್ಲ ವ್ಯಾಪ್ತಿಯನ್ನೇ ಅಚ್ಚು ಹಾಕಿದ್ದು. ಆ ವ್ಯಾಪ್ತಿಯ ಯಾವ ಭಾಗ ಎಷ್ಟು ಜೋರಾಗಿ ಕೇಳಿಸುತ್ತದೆ ಎಂಬುದನ್ನು ಹೇಳದ ಹೊರತು ಅದಕ್ಕೆ ಅರ್ಥವಿಲ್ಲ. ಬ್ಲೂಟೂತ್ 5.3 ಎಂಬಂಥ ಸಂಖ್ಯೆಗಳು ಸಂಪರ್ಕಕ್ಕೆ, ಬ್ಯಾಟರಿ ಉಳಿತಾಯಕ್ಕೆ ಸಂಬಂಧಿಸಿದವು. ಎಲ್ಲ ಬ್ಲೂಟೂತ್ ಇಯರ್‌ಬಡ್‌ಗಳಲ್ಲೂ ಎಸ್‌ಬಿಸಿ ಎಂಬ ಕೋಡೆಕ್, ಅಂದರೆ ಧ್ವನಿಯನ್ನು ಕುಗ್ಗಿಸಿ ಕಳಿಸುವ ವಿಧಾನ, ಇದ್ದೇ ಇರುತ್ತದೆ. ಎಎಸಿ ಕೂಡ ಇದ್ದರೆ ಅನುಕೂಲ, ಅದರಲ್ಲೂ ಐಫೋನ್ ಬಳಸುವವರಿಗೆ. ಎಲ್‌ಡಿಎಸಿ ಎಂಬ ಇನ್ನೊಂದು ಕೋಡೆಕ್ ಇದೆ ಎಂದು ಹೆಚ್ಚು ಹಣ ಕೊಡುವ ಮುನ್ನ ನಿಮ್ಮ ಫೋನಿನಲ್ಲೂ ಅದು ಇದೆಯೇ ಎಂದು ಖಚಿತಪಡಿಸಿಕೊಳ್ಳಿ, ಏಕೆಂದರೆ ಎರಡೂ ಕಡೆ ಇಲ್ಲದಿದ್ದರೆ ಅದು ಕೆಲಸ ಮಾಡುವುದಿಲ್ಲ. ಐಫೋನ್‌ನಲ್ಲಂತೂ ಅದು ಇಲ್ಲವೇ ಇಲ್ಲ.

ಹೆಚ್ಚು ಜನರು ದಾರಿ ತಪ್ಪುವುದು ಇಎನ್‌ಸಿ ಮತ್ತು ಎಎನ್‌ಸಿ ಎಂಬ ಎರಡು ಪದಗಳ ನಡುವೆ. ಇಎನ್‌ಸಿ ಕೆಲಸ ಮಾಡುವುದು ಮೈಕ್‌ನಲ್ಲಿ. ನೀವು ಮಾತನಾಡುವಾಗ ನಿಮ್ಮ ಸುತ್ತಲಿನ ಸದ್ದು ಆ ಕಡೆಯವರಿಗೆ ಕಡಿಮೆ ಕೇಳಿಸುವಂತೆ ಅದು ನೋಡಿಕೊಳ್ಳುತ್ತದೆ. ನಿಮ್ಮ ಕಿವಿಗೆ ಬೀಳುವ ಗದ್ದಲಕ್ಕೂ ಅದಕ್ಕೂ ಸಂಬಂಧವಿಲ್ಲ. ಹೊರಗಿನ ಸದ್ದನ್ನು ನಿಮ್ಮ ಕಿವಿಯಲ್ಲಿ ತಗ್ಗಿಸುವುದು ಎಎನ್‌ಸಿ. ಅದು ಬಸ್ಸಿನ ಎಂಜಿನ್‌ನಂಥ ಒಂದೇ ಸಮನೆ ಗುಂಯ್‌ಗುಡುವ ಕೆಳಸ್ತರದ ಸದ್ದನ್ನು ಚೆನ್ನಾಗಿ ಅಡಗಿಸುತ್ತದೆ, ಪಕ್ಕದ ಸೀಟಿನವರ ಮಾತನ್ನು ಅಷ್ಟಾಗಿ ಅಡಗಿಸುವುದಿಲ್ಲ. ‘32 ಡೆಸಿಬೆಲ್ ವರೆಗೆ’ ಎಂದು ಬರೆದಿದ್ದರೆ, ‘ವರೆಗೆ’ ಎಂಬ ಪದವನ್ನು ಗಮನಿಸಿ. ಅಷ್ಟು ಕಡಿತ ಸಿಗುವುದು ಧ್ವನಿಯ ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ.

‘40 ಗಂಟೆ ಬ್ಯಾಟರಿ’ ಎಂಬುದು ಕೇಸಿನಲ್ಲಿ ಮತ್ತೆ ಮತ್ತೆ ಚಾರ್ಜ್ ಆಗುವುದನ್ನೂ ಸೇರಿಸಿದ ಲೆಕ್ಕ. ಒಮ್ಮೆ ಹೊರತೆಗೆದರೆ ಎಷ್ಟು ಹೊತ್ತು ನಡೆಯುತ್ತದೆ ಎಂಬುದನ್ನು ಹುಡುಕಿ ಓದಿ. ಅದೂ ಎಎನ್‌ಸಿ ಆಫ್ ಮಾಡಿ, ಮಧ್ಯಮ ವಾಲ್ಯೂಮ್‌ನಲ್ಲಿ ಅಳೆದದ್ದಾಗಿರುವುದೇ ಹೆಚ್ಚು. ಕರೆಂಟು ಎರಡು ಮೂರು ದಿನ ಬಾರದ ಮಳೆಗಾಲದ ಹಳ್ಳಿಗಳಲ್ಲಿ ಮಾತ್ರ ಕೇಸಿನ ಲೆಕ್ಕಕ್ಕೂ ಬೆಲೆಯಿದೆ.

ಪೆಟ್ಟಿಗೆಯ ಮೇಲೆ ನಿಜವಾಗಿಯೂ ಹುಡುಕಬೇಕಾದದ್ದು ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಗುರುತು. ವೈರ್‌ಲೆಸ್ ಇಯರ್‌ಫೋನ್‌ಗಳಿಗೆ ಭಾರತದಲ್ಲಿ ಈ ನೋಂದಣಿ ಕಡ್ಡಾಯ. ಗುರುತಿನ ಜೊತೆ ‘ಆರ್’ ಅಕ್ಷರದಿಂದ ಆರಂಭವಾಗುವ ಸಂಖ್ಯೆ ಇರುತ್ತದೆ, ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರ ಹೆಸರಿಗೆ ನೋಂದಣಿಯಾಗಿದೆ ಎಂಬುದು ತೋರುತ್ತದೆ. ಪ್ರಸಿದ್ಧ ಕಂಪನಿಯ ಹೆಸರಿನಲ್ಲಿ ನಕಲಿ ಮಾಲು ಬರುವ ಈ ಮಾರುಕಟ್ಟೆಯಲ್ಲಿ, ಕಿವಿಯೊಳಗೆ ಲಿಥಿಯಂ ಬ್ಯಾಟರಿ ಇಟ್ಟುಕೊಳ್ಳುವವರು ಈ ಒಂದು ನಿಮಿಷವನ್ನು ಉಳಿಸಬಾರದು.

ಕಿವಿಯಲ್ಲಿ ಕೂರಿಸುವುದು

ಇಯರ್‌ಬಡ್‌ಗಳಲ್ಲಿ ಎರಡು ಬಗೆಗಳಿವೆ. ಕಿವಿಯ ಬಾಯಲ್ಲಿ ಹಗುರಾಗಿ ಕೂರುವ ತೆರೆದ ಬಗೆ ಒಂದು, ಸಿಲಿಕೋನ್ ರಬ್ಬರಿನ ತುದಿಯಿಂದ ಕಿವಿಯ ರಂಧ್ರವನ್ನು ಮುಚ್ಚುವ ಬಗೆ ಇನ್ನೊಂದು. ಎರಡನೆಯ ಬಗೆಯಲ್ಲಿ ರಬ್ಬರು ಸುತ್ತಲೂ ಬಿಗಿಯಾಗಿ ಕೂರದೆ ಕೂದಲೆಳೆಯಷ್ಟು ಸಂದು ಉಳಿದರೂ ಬೇಸ್, ಅಂದರೆ ಕೆಳಸ್ತರದ ಧ್ವನಿ, ಸೋರಿಹೋಗುತ್ತದೆ, ಧ್ವನಿ ತೆಳುವಾಗುತ್ತದೆ, ಎಎನ್‌ಸಿ ಇದ್ದರೂ ಕೆಲಸಕ್ಕೆ ಬಾರದು. ಧ್ವನಿ ಚೆನ್ನಾಗಿಲ್ಲವೆಂದು ದೂರುವ ಅನೇಕರ ಸಮಸ್ಯೆ ನಿಜವಾಗಿ ಈ ಸಂದಿನಲ್ಲಿರುತ್ತದೆ.

ಆದ್ದರಿಂದ ಪೆಟ್ಟಿಗೆಯಲ್ಲಿ ಕೊಟ್ಟಿರುವ ಸಣ್ಣ, ಮಧ್ಯಮ, ದೊಡ್ಡ ತುದಿಗಳೆಲ್ಲವನ್ನೂ ಹಾಕಿ ನೋಡಿ. ಎಡಕಿವಿಗೆ ಒಂದು ಅಳತೆ, ಬಲಕಿವಿಗೆ ಇನ್ನೊಂದು ಬೇಕಾಗುವುದು ಸಹಜ, ಏಕೆಂದರೆ ಎಷ್ಟೋ ಜನರ ಎರಡು ಕಿವಿಗಳು ಒಂದೇ ತೆರನಾಗಿರುವುದಿಲ್ಲ. ಕೂರಿಸುವಾಗ ಒಂದು ಕೈಯಿಂದ ಕಿವಿಯ ಮೇಲ್ಭಾಗವನ್ನು ಮೆಲ್ಲಗೆ ಮೇಲಕ್ಕೂ ಹಿಂದಕ್ಕೂ ಎಳೆದು, ಇಯರ್‌ಬಡ್ಡನ್ನು ಒಳಗಿಟ್ಟು ಸ್ವಲ್ಪ ತಿರುಗಿಸಿ, ನಂತರ ಕಿವಿಯನ್ನು ಬಿಡಿ. ಹಾಡು ಹಾಕದೆಯೇ ನಿಮ್ಮ ಮಾತು ನಿಮಗೆ ತಲೆಯೊಳಗೆ ಗುಂಯ್‌ಗುಟ್ಟಿದಂತೆ ಕೇಳಿಸಿದರೆ ಮುಚ್ಚುವಿಕೆ ಸರಿಯಾಗಿದೆ. ಹಾಡು ನಡೆಯುತ್ತಿರುವಾಗ ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿದ ಕ್ಷಣ ಬೇಸ್ ಒಮ್ಮೆಲೇ ಹೆಚ್ಚಿದರೆ, ಈಗಿರುವ ತುದಿ ನಿಮಗೆ ಸಾಲದು. ಯಾವ ಅಳತೆಯೂ ಹೊಂದದಿದ್ದಾಗ ಪ್ರತ್ಯೇಕವಾಗಿ ಸಿಗುವ ಫೋಮ್ ತುದಿ ನೆರವಾಗಬಹುದು, ಆದರೆ ಅದು ಕೇಸಿನ ಮುಚ್ಚಳ ಹಾಕಲು ಅಡ್ಡಿಯಾಗಬಾರದು. ಇಷ್ಟಾದ ಮೇಲೂ ಕೂರದ ಇಯರ್‌ಬಡ್‌ನ ಧ್ವನಿಯನ್ನು ಪರೀಕ್ಷಿಸುವ ಅಗತ್ಯವೇ ಇಲ್ಲ. ಅದನ್ನು ಹಿಂದಿರುಗಿಸುವುದೇ ಸರಿ.

ಧ್ವನಿಯನ್ನು ಅಳೆಯುವುದು

ಎರಡು ಇಯರ್‌ಬಡ್‌ಗಳನ್ನು ಹೋಲಿಸುವಾಗ ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ತಂದುಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ತುಸುವೇ ಜೋರಾಗಿರುವುದು ಕಿವಿಗೆ ಯಾವಾಗಲೂ ಉತ್ತಮವೆಂದು ತೋರುತ್ತದೆ. ಅಂಗಡಿಯಲ್ಲಿ ವಾಲ್ಯೂಮ್ ಏರಿಸಿ ಕೇಳಿಸುವುದರಿಂದ ಏನೂ ತಿಳಿಯದಿರುವುದಕ್ಕೆ ಇದೇ ಕಾರಣ. ಹಾಗೆಯೇ ಫೋನಿನ ಈಕ್ವಲೈಸರ್, ‘ಬೇಸ್ ಬೂಸ್ಟ್’ ಮೊದಲಾದ ಧ್ವನಿಯ ಸ್ತರಗಳನ್ನು ಏರಿಳಿಸುವ ಸೌಲಭ್ಯಗಳನ್ನು ಆಫ್ ಮಾಡಿ; ವರ್ಷಗಳಿಂದ ಕೇಳಿ ಕಿವಿಗೆ ಪಳಗಿದ ಧ್ವನಿಮುದ್ರಿಕೆಗಳನ್ನೇ ಆರಿಸಿಕೊಳ್ಳಿ. ಹೊಸ ಹಾಡು ಪರೀಕ್ಷೆಗೆ ಬಾರದು, ಅದು ಹೇಗೆ ಕೇಳಿಸಬೇಕು ಎಂಬುದು ನಿಮಗೇ ಗೊತ್ತಿರುವುದಿಲ್ಲ.

ಮೊದಲು ಸಂಗೀತವನ್ನಲ್ಲ, ಮಾತನ್ನು ಕೇಳಿ. ಮನುಷ್ಯರ ಮಾತು ನಮ್ಮ ಕಿವಿಗೆ ಹುಟ್ಟಿನಿಂದ ಪರಿಚಿತ, ಅದರಲ್ಲಿನ ಸಣ್ಣ ಕೃತಕತೆಯೂ ಕೂಡಲೇ ತಿಳಿಯುತ್ತದೆ. ಕನ್ನಡ ವಾರ್ತೆಯನ್ನು ಓದುವವರ ಧ್ವನಿ ಇದಕ್ಕೆ ತುಂಬ ಸೂಕ್ತ. ‘ಸ’, ‘ಶ’, ‘ಷ’ ಬಂದಲ್ಲೆಲ್ಲ ಕಿವಿಗೆ ಸೂಜಿ ಚುಚ್ಚಿದಂತೆ ಸೀತ್ಕಾರ ಎದ್ದರೆ ಮೇಲಿನ ಸ್ತರವನ್ನು ಅತಿಯಾಗಿ ಏರಿಸಲಾಗಿದೆ ಎಂದರ್ಥ. ಅಂಥದ್ದನ್ನು ಅರ್ಧ ಗಂಟೆಗಿಂತ ಹೆಚ್ಚು ಕೇಳಲಾಗದು. ಇದಕ್ಕೆ ವಿರುದ್ಧವಾಗಿ ‘ಸ’ಕ್ಕೂ ‘ಶ’ಕ್ಕೂ ವ್ಯತ್ಯಾಸವೇ ತಿಳಿಯದೆ ಕಂಬಳಿಯ ಹಿಂದಿನಿಂದ ಮಾತು ಬಂದಂತಿದ್ದರೆ ಮೇಲಿನ ಸ್ತರ ಸತ್ತಿದೆ. ‘ಪ’, ‘ಬ’, ‘ಭ’ಗಳು ಬಂದಾಗ ಕಿವಿಗೆ ಗಾಳಿ ಗುದ್ದಿದಂತಾದರೆ, ಅಥವಾ ಗಂಡು ಧ್ವನಿಯೆಲ್ಲವೂ ಖಾಲಿ ಹಂಡೆಯೊಳಗಿನಿಂದ ಬಂದಂತೆ ಗವ್ವೆಂದರೆ, ಬೇಸ್ ಮಾತಿನ ಮೇಲೆ ಬಿದ್ದಿದೆ. ಅಗ್ಗದ ಇಯರ್‌ಬಡ್‌ಗಳಲ್ಲಿ ಅತ್ಯಂತ ಸಾಮಾನ್ಯವಾದ ದೋಷ ಇದು. ಮೊದಲ ಐದು ನಿಮಿಷ ಆಕರ್ಷಿಸುವುದೂ ಇದೇ ಗುಣವಾದ್ದರಿಂದ ಎಚ್ಚರ ಬೇಕು.

ಅನಂತರ ಚರ್ಮವಾದ್ಯ. ಕೊಡವರ ದುಡಿ ಹಾಡಿನ ಒಳ್ಳೆಯ ಧ್ವನಿಮುದ್ರಣವೊಂದು ಸಿಕ್ಕರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲವೆಂದೇ ನನ್ನ ಅಭಿಪ್ರಾಯ. ದುಡಿಯ ಪೆಟ್ಟು ಚಿಕ್ಕದು, ಚುರುಕಾದದ್ದು, ಥಟ್ಟನೆ ಹುಟ್ಟಿ ಥಟ್ಟನೆ ನಿಲ್ಲುವಂಥದ್ದು. ಒಂದು ಪೆಟ್ಟಿನ ಬಾಲ ಮುಂದಿನ ಪೆಟ್ಟಿನೊಳಗೆ ಸೇರಿಕೊಂಡು ಕಲಸಿದಂತೆ ಕೇಳಿಸಿದರೆ ಆ ಡ್ರೈವರಿಗೆ ಹಿಡಿತವಿಲ್ಲ. ಜೊತೆಯಾಗಿ ಹಾಡುವವರ ಧ್ವನಿಗಳು ಒಂದೊಂದಾಗಿ ಬೇರೆ ತಿಳಿಯಬೇಕು. ಕೊಂಬು, ಕೊಟ್ಟು, ವಾಲಗ ಮೂರೂ ಒಟ್ಟಿಗೆ ಏರುವ ಭಾಗದಲ್ಲಿ ಕೊಂಬಿನ ಕೂಗು ಒಡೆದು ಕರ್ಕಶವಾಗದೆ ಉಳಿಯುತ್ತದೆಯೇ ಎಂದು ನೋಡಿ. ಶಾಸ್ತ್ರೀಯ ಸಂಗೀತ ಕೇಳುವವರು ಮೃದಂಗದ ಎರಡು ಮುಖಗಳನ್ನು ಗಮನಿಸಬಹುದು. ಎಡಗಡೆಯ ತೊಪ್ಪಿಯ ಗುಮುಕಿ ಬರಿಯ ‘ಧಂ’ ಎಂಬ ಗುದ್ದಾಗದೆ ಸ್ವರ ಜಾರುವುದು ತಿಳಿಯಬೇಕು, ಹಿಂದಿನ ತಂಬೂರದ ಶ್ರುತಿ ಹಾಡಿನ ನಡುವೆಯೂ ಅಳಿಯದೆ ಕೇಳಬೇಕು.

ಎಡಬಲಗಳ ಸಮತೋಲವನ್ನು ಪರೀಕ್ಷಿಸಲು ಫೋನಿನ ಸೆಟ್ಟಿಂಗ್ಸ್‌ನ ಅಕ್ಸೆಸಿಬಿಲಿಟಿ ವಿಭಾಗದಲ್ಲಿ ‘ಮೋನೋ ಆಡಿಯೋ’ ಆನ್ ಮಾಡಿ ಒಬ್ಬರ ಮಾತನ್ನು ಕೇಳಿ. ಧ್ವನಿ ತಲೆಯ ನಟ್ಟನಡುವೆ ನಿಲ್ಲಬೇಕು. ಒಂದು ಬದಿಗೆ ವಾಲಿದರೆ ಮೊದಲು ಸದ್ದು ಕಡಿಮೆಯಿರುವ ಬದಿಯ ತುದಿಯನ್ನು ಸರಿಪಡಿಸಿ ನೋಡಿ, ಆಮೇಲೂ ವಾಲಿದರೆ ಜೋಡಿಯೇ ಸರಿಯಿಲ್ಲ. ಕೊನೆಯದಾಗಿ ರಾತ್ರಿ ನಿಶ್ಶಬ್ದವಾದ ಕೋಣೆಯಲ್ಲಿ ತೀರ ಸಣ್ಣ ವಾಲ್ಯೂಮ್‌ನಲ್ಲಿ ಹಾಡು ಹಾಕಿ, ಹಿನ್ನೆಲೆಯಲ್ಲಿ ‘ಸ್ಸ್’ ಎಂಬ ಸದ್ದು ಕೇಳುತ್ತದೆಯೇ ಎಂದು ಗಮನಿಸಿ. ತುಸು ಇದ್ದರೆ ಬಸ್ಸಿನಲ್ಲಿ ತೊಂದರೆಯಿಲ್ಲ, ಮಲಗುವ ಮುನ್ನ ಕೇಳುವವರಿಗೆ ತೊಂದರೆಯೇ.

ಬೇಸ್ ಹೆಚ್ಚಿದೆ, ಮೇಲಿನ ಸ್ತರ ಚೂಪಾಗಿದೆ ಎಂಬಂಥ ದೋಷಗಳನ್ನು ಈಕ್ವಲೈಸರ್‌ನಿಂದ ಒಂದಿಷ್ಟು ತಿದ್ದಬಹುದು. ಒಡಕು, ಕಲಸುವಿಕೆ, ಎಡಬಲದ ವ್ಯತ್ಯಾಸ ಇವುಗಳನ್ನು ತಿದ್ದಲಾಗದು. ‘ಐವತ್ತು ಗಂಟೆ ನುಡಿಸಿದ ಮೇಲೆ ತಾನೇ ಸರಿಹೋಗುತ್ತದೆ’ ಎಂದು ಯಾರಾದರೂ ಹೇಳಿದರೆ ನಂಬಿ ಕಾಯಬೇಡಿ. ಆ ಹೊತ್ತಿಗೆ ಹಿಂದಿರುಗಿಸುವ ಅವಧಿ ಮುಗಿದಿರುತ್ತದೆ, ಬದಲಾಗುವುದು ಹೆಚ್ಚಾಗಿ ನಮ್ಮ ಕಿವಿಯ ರೂಢಿಯೇ.

ಈ ಎಲ್ಲ ಪರೀಕ್ಷೆಯನ್ನೂ ಅರ್ಧದಷ್ಟು ವಾಲ್ಯೂಮ್‌ನ ಆಸುಪಾಸಿನಲ್ಲಿ ಮಾಡಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಅದೇ 90 ಡೆಸಿಬೆಲ್‌ಗೆ ಏರಿದರೆ ವಾರಕ್ಕೆ ಕೇವಲ 4 ಗಂಟೆ. ಚೆನ್ನಾಗಿ ಮುಚ್ಚಿ ಕೂರುವ ಇಯರ್‌ಬಡ್‌ನಲ್ಲಿ ಹೊರಗಿನ ಸದ್ದಿನೊಂದಿಗೆ ಪೈಪೋಟಿ ಇಲ್ಲದ ಕಾರಣ ಕಡಿಮೆ ವಾಲ್ಯೂಮ್ ಸಾಕಾಗುತ್ತದೆ.

ನೆಮ್ಮದಿ, ತೇವ, ಮಳೆ

ಐದು ನಿಮಿಷ ಹಿತವಾಗಿರುವ ಇಯರ್‌ಬಡ್ ಒಂದು ಗಂಟೆಯ ಮೇಲೆ ನೋಯಿಸಬಹುದು. ಒಮ್ಮೆಯಾದರೂ ಬಿಡದೆ ಒಂದು ಗಂಟೆ ಹಾಕಿಕೊಂಡು, ನಡುವೆ ಮಾತನಾಡಿ, ಏನನ್ನಾದರೂ ಜಗಿದು, ಆಕಳಿಸಿ ನೋಡಿ. ದವಡೆ ಅಲುಗಿದಾಗ ಕಿವಿಯ ರಂಧ್ರದ ಆಕಾರ ಬದಲಾಗುತ್ತದೆ, ಸಡಿಲವಾದದ್ದು ಆಗ ಜಾರುತ್ತದೆ. ತೆಗೆದ ಮೇಲೆ ಕಿವಿಯ ಒಳಬದಿಯಲ್ಲಿ ಒಂದೇ ಚುಕ್ಕೆಯಲ್ಲಿ ನೋವಿದ್ದರೆ ಅದು ಇಯರ್‌ಬಡ್‌ನ ಆಕಾರದ್ದೇ ದೋಷ, ತುದಿ ಬದಲಿಸಿ ಪ್ರಯೋಜನವಿಲ್ಲ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಮಂಗಳೂರಿನತ್ತ ಆಗಾಗ ಹೋಗುವವರು ಆ ಬಸ್ಸಿನಲ್ಲೇ ಪರೀಕ್ಷಿಸುವುದು ಒಳ್ಳೆಯದು. ಇಳಿಯುತ್ತ ಹೋದಂತೆ ಗಾಳಿಯ ಒತ್ತಡ ಬದಲಾಗಿ ಕಿವಿ ಕಟ್ಟುತ್ತದೆ, ರಂಧ್ರವನ್ನು ಪೂರ್ತಿ ಮುಚ್ಚುವ ಇಯರ್‌ಬಡ್ ಆಗ ಕೆಲವರಿಗೆ ಇನ್ನಷ್ಟು ಹಿಂಸೆ ಕೊಡುತ್ತದೆ. ಎಎನ್‌ಸಿ ಎಂಜಿನ್ ಸದ್ದನ್ನು ಎಷ್ಟು ತಗ್ಗಿಸುತ್ತದೆ ಎಂಬುದೂ ಅಲ್ಲೇ ತಿಳಿಯುತ್ತದೆ.

ಕಕ್ಕಡ ತಿಂಗಳ ಮಳೆಯಲ್ಲಿ ಬಟ್ಟೆಯೇ ಆರದಿರುವಾಗ ಕಿವಿಯೊಳಗಿನ ತೇವದ ಬಗ್ಗೆಯೂ ಯೋಚಿಸಬೇಕು. ಸ್ನಾನ ಮಾಡಿ ಬಂದು ಒದ್ದೆ ಕಿವಿಗೆ ರಬ್ಬರ್ ತುದಿ ಹಾಕಿ ಮುಚ್ಚಿದರೆ ಬೆಚ್ಚನೆಯ ತೇವದಲ್ಲಿ ಶಿಲೀಂಧ್ರದ ಸೋಂಕಿಗೆ ಅನುಕೂಲವಾಗುತ್ತದೆ. ಕಿವಿ ಒಣಗಲಿ, ತುದಿಗಳನ್ನು ವಾರಕ್ಕೊಮ್ಮೆ ತೆಗೆದು ತೊಳೆದು ಪೂರ್ತಿ ಒಣಗಿಸಿ, ತುರಿಕೆ ಅಥವಾ ನೋವಿದ್ದರೆ ಬಳಕೆ ನಿಲ್ಲಿಸಿ ವೈದ್ಯರನ್ನು ಕಾಣಿ.

ನೀರಿನ ವಿಷಯದಲ್ಲಿ ಐಪಿಎಕ್ಸ್4 ಎಂದರೆ ಎಲ್ಲ ಕಡೆಯಿಂದ ಸಿಡಿಯುವ ಹನಿಗಳನ್ನು ತಡೆಯುತ್ತದೆ ಎಂದು ಅರ್ಥ. ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ. ಕೊಡಗಿನ ಬಳಕೆಗೆ ಐಪಿಎಕ್ಸ್4ಕ್ಕಿಂತ ಕಡಿಮೆಯದನ್ನು ಕೊಳ್ಳಬಾರದೆಂದೇ ನಾನು ಹೇಳುತ್ತೇನೆ. ಆದರೆ ಈ ಗುರುತು ಸಾಮಾನ್ಯವಾಗಿ ಇಯರ್‌ಬಡ್‌ಗೆ ಮಾತ್ರ ಅನ್ವಯಿಸುತ್ತದೆ, ಕೇಸಿಗಲ್ಲ. ಬೆವರು ಅಥವಾ ಮಳೆಹನಿ ಅಂಟಿದ ಇಯರ್‌ಬಡ್ಡನ್ನು ಹಾಗೆಯೇ ಕೇಸಿಗೆ ಹಾಕಿ ಮುಚ್ಚಿದರೆ ಚಾರ್ಜ್ ಆಗುವ ಪುಟ್ಟ ಲೋಹದ ಬಿಂದುಗಳಿಗೆ ಕಿಲುಬು ಹತ್ತಿ, ಒಂದು ಬದಿ ಚಾರ್ಜ್ ಆಗುವುದೇ ನಿಲ್ಲುತ್ತದೆ. ಒಣಬಟ್ಟೆಯಲ್ಲಿ ಒರೆಸಿದ ಮೇಲೆಯೇ ಒಳಗಿಡಿ. ಕೇಸನ್ನು ಸಿಲಿಕಾ ಜೆಲ್ ಪೊಟ್ಟಣವಿರುವ ಮುಚ್ಚಿದ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಎಲ್ಲವನ್ನೂ ಒಲೆಯ ಬಿಸಿಗೆ ಒಣಗಿಸುವ ರೂಢಿ ನಮ್ಮ ಮನೆಗಳಲ್ಲಿದೆ. ಲಿಥಿಯಂ ಬ್ಯಾಟರಿಯಿರುವ ವಸ್ತುವನ್ನು ಮಾತ್ರ ಒಲೆಯ ಹತ್ತಿರಕ್ಕೂ ತರಬೇಡಿ.

ಕರೆಯ ಗುಣಮಟ್ಟವನ್ನು ಮನೆಯೊಳಗಲ್ಲ, ಗಾಳಿ ಬೀಸುವ ರಸ್ತೆಬದಿಯಲ್ಲಿ ನಿಂತು ಮನೆಯವರಿಗೆ ಕರೆ ಮಾಡಿ ಕೇಳಿ. ಮೈಕ್ ಕೆಲಸ ಮಾಡುವಾಗ ಬ್ಲೂಟೂತ್ ಬೇರೆ ವಿಧಾನಕ್ಕೆ ಹೊರಳುವುದರಿಂದ ಹಾಡಿನಷ್ಟು ಶುದ್ಧವಾಗಿ ಕರೆಯ ಮಾತು ಕೇಳಿಸದಿರುವುದು ಸಹಜ, ಅದು ಕೆಟ್ಟಿರುವ ಲಕ್ಷಣವಲ್ಲ.

ತೋಟದಲ್ಲಿ ಕೆಲಸ ಮಾಡುವವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಯ ಕಾಫಿ ತೋಟಗಳಲ್ಲಿ ಕಾಡಾನೆಗಳು ಓಡಾಡುತ್ತವೆ, ಅವುಗಳ ಇರವು ಎಷ್ಟೋ ಬಾರಿ ಮೊದಲು ತಿಳಿಯುವುದು ಕೊಂಬೆ ಮುರಿಯುವ ಸದ್ದಿನಿಂದ. ಅಲ್ಲಿ ನಡೆಯುವಾಗ, ಮುಂಜಾನೆ ಮತ್ತು ಸಂಜೆಯ ಹೊತ್ತಂತೂ, ಎರಡೂ ಕಿವಿ ಮುಚ್ಚಿಕೊಳ್ಳಬೇಡಿ. ‘ಟ್ರಾನ್ಸ್‌ಪರೆನ್ಸಿ’ ಎಂಬ, ಹೊರಗಿನ ಸದ್ದನ್ನು ಮೈಕ್ ಮೂಲಕ ಕಿವಿಗೆ ಕೇಳಿಸುವ ಸೌಲಭ್ಯವಿದೆ ಎಂಬ ಧೈರ್ಯವೂ ಬೇಡ, ಅಗ್ಗದ ಸಾಧನಗಳಲ್ಲಿ ಸದ್ದು ಬಂದ ದಿಕ್ಕು ಅದರಿಂದ ಸರಿಯಾಗಿ ತಿಳಿಯುವುದಿಲ್ಲ. ಘಾಟಿ ರಸ್ತೆಯಲ್ಲಿ ಬೈಕ್ ಓಡಿಸುವವರಿಗೂ ಇದೇ ಮಾತು ಸಲ್ಲುತ್ತದೆ.

ಕೊಟ್ಟ ಹಣಕ್ಕೆ ತಕ್ಕದ್ದೇ

ಬೆಲೆಯನ್ನು ಅಚ್ಚಾದ ಎಂಆರ್‌ಪಿಯೊಂದಿಗೆ ಹೋಲಿಸಿ ‘ಎಪ್ಪತ್ತು ಶೇಕಡಾ ರಿಯಾಯಿತಿ’ ಎಂದು ಸಂತೋಷಪಡುವುದರಲ್ಲಿ ಅರ್ಥವಿಲ್ಲ. ಅದು ನಿತ್ಯವೂ ಮಾರಾಟವಾಗುವ ಬೆಲೆ ಎಷ್ಟೆಂದು ನೋಡಿ. ಅದಕ್ಕಿಂತ ಮುಖ್ಯವಾದ ಲೆಕ್ಕವೊಂದಿದೆ. ಒಂದು ವರ್ಷದ ವಾರಂಟಿ ಇದೆ, ಆದರೆ ಸರ್ವಿಸ್ ಸೆಂಟರ್ ಇರುವುದು ಮೈಸೂರಿನಲ್ಲೋ ಮಂಗಳೂರಿನಲ್ಲೋ ಎಂದುಕೊಳ್ಳೋಣ. ಒಂಬೈನೂರು ರೂಪಾಯಿಯ ವಸ್ತುವಿಗಾಗಿ ವಿರಾಜಪೇಟೆಯಿಂದ ಹೋಗಿ ಬರುವ ಬಸ್ ಚಾರ್ಜು ಮತ್ತು ಒಂದು ದಿನದ ಕೂಲಿ ಸೇರಿಸಿದರೆ ಆ ವಾರಂಟಿ ಕಾಗದದ ಮೇಲಷ್ಟೇ ಉಳಿಯುತ್ತದೆ. ಆದ್ದರಿಂದ ನಿಮ್ಮ ಪಿನ್‌ಕೋಡಿಗೆ ಮನೆಬಾಗಿಲಿನಿಂದ ಕೊರಿಯರ್ ಮೂಲಕ ಒಯ್ದು ಬದಲಿ ಕಳಿಸುವ ವ್ಯವಸ್ಥೆ ಇದೆಯೇ ಎಂದು ಕಂಪನಿಯ ಜಾಲತಾಣದಲ್ಲಿ ನೋಡಿ. ಇಲ್ಲದಿದ್ದರೆ ಕುಶಾಲನಗರ, ಗೋಣಿಕೊಪ್ಪ, ಮಡಿಕೇರಿಯ ಪರಿಚಿತ ಮೊಬೈಲ್ ಅಂಗಡಿಯಲ್ಲಿ ನೂರಿನ್ನೂರು ಹೆಚ್ಚು ಕೊಟ್ಟು, ‘ಕೆಟ್ಟರೆ ನೀವೇ ಕಳಿಸಿಕೊಡುತ್ತೀರಾ’ ಎಂದು ಕೇಳಿ ಕೊಳ್ಳುವುದು ಲಾಭದಾಯಕ. ಆನ್‌ಲೈನ್‌ನಲ್ಲಿ ‘ಹಣ ವಾಪಸ್’ ಬೇರೆ, ‘ಬದಲಿ ಮಾತ್ರ’ ಬೇರೆ. ಕಿವಿಯಲ್ಲಿ ಕೂರದ ಮಾದರಿಗೆ ಬದಲಿಯಾಗಿ ಅದೇ ಮಾದರಿ ಮತ್ತೊಂದು ಬಂದರೆ ಏನೂ ಉಪಯೋಗವಿಲ್ಲವಾದ್ದರಿಂದ, ಕೊಳ್ಳುವ ಗುಂಡಿ ಒತ್ತುವ ಮುನ್ನವೇ ಈ ಸಾಲನ್ನು ಓದಿ.

ಈ ಇಯರ್‌ಬಡ್‌ಗಳ ಬ್ಯಾಟರಿ ಬದಲಿಸುವಂಥದ್ದಲ್ಲ. ನಿತ್ಯ ಬಳಸಿದರೆ ಎರಡು ಮೂರು ವರ್ಷಗಳಲ್ಲಿ ಅದರ ಶಕ್ತಿ ಗಣನೀಯವಾಗಿ ಕುಗ್ಗುತ್ತದೆ. ಹಾಗಾಗಿ ಬೆಲೆಯನ್ನು ವರ್ಷಕ್ಕೆ ಭಾಗಿಸಿ ನೋಡಿದರೆ, ಆರು ತಿಂಗಳಿಗೆ ಕೆಡುವ ಆರುನೂರರದ್ದಕ್ಕಿಂತ ಎರಡೂವರೆ ವರ್ಷ ಬಾಳುವ ಹದಿನೈದು ನೂರರದ್ದು ಅಗ್ಗವಾಗುತ್ತದೆ. ಧ್ವನಿ ಒಂದೇ ಸಮವೆನಿಸಿದ ಎರಡರ ನಡುವೆ ಆರಿಸಬೇಕಾದಾಗ ನಾನು ಎಎನ್‌ಸಿ, ಗೇಮಿಂಗ್ ಮೋಡ್, ಮಿನುಗುವ ದೀಪಗಳನ್ನೆಲ್ಲ ಬದಿಗಿಟ್ಟು, ಕಿವಿಯಲ್ಲಿ ಹಗುರಾಗಿ ಕೂತು ತೇವವನ್ನು ತಡೆದುಕೊಳ್ಳುವುದನ್ನೇ ತೆಗೆದುಕೊಳ್ಳಲು ಹೇಳುತ್ತೇನೆ.

ಜಿಎಸ್‌ಟಿ ಬಿಲ್ಲನ್ನು ಕೇಳಿ ಪಡೆಯಿರಿ, ಅದರ ಫೋಟೋವನ್ನೂ ಇಟ್ಟುಕೊಳ್ಳಿ. ಪೆಟ್ಟಿಗೆ, ಬಳಸದ ತುದಿಗಳು ಎಲ್ಲವನ್ನೂ ಹಿಂದಿರುಗಿಸುವ ಅವಧಿ ಮುಗಿಯುವವರೆಗೆ ಎಸೆಯಬೇಡಿ. ದೋಷವಿರುವುದು ಖಚಿತವಾದರೂ ಮಾರಿದವರು ಬದಲಿಸಲು ಒಪ್ಪದಿದ್ದರೆ, ದೋಷವನ್ನು ತೋರಿಸುವ ಚಿಕ್ಕ ವಿಡಿಯೋ ಮತ್ತು ಬಿಲ್ಲಿನೊಂದಿಗೆ ಮೊದಲು ಕಂಪನಿಗೆ ಬರಹದಲ್ಲಿ ದೂರು ಕೊಟ್ಟು ಅದರ ಸಂಖ್ಯೆ ಪಡೆಯಿರಿ. ಅಲ್ಲೂ ಪರಿಹಾರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಆ ಸಂಖ್ಯೆಯನ್ನು ತಿಳಿಸಬಹುದು.